ಮನಸ್ಸಿನ ಸಂತೋಷವೂ ಶರೀರದ ಕ್ಷೇಮವೂ

ಬಹುಕಾಲ ಹಾಸಿಗೆ ಹಿಡಿದವರನ್ನು ಕುರಿತು ನಮ್ಮೊಳಗೆ ಒಂದು ಮಾತು ನಡೆಯುವದುಂಟು. ಇವರ ಹೃದಯದಲ್ಲಿ ವಿಶ್ವಾಸವೂ ಸಂತೋಷವೂ ಇದ್ದಿದ್ದರೆ ಶರೀರವು ಇಷ್ಟು ಕುಗ್ಗುತ್ತಿರಲಿಲ್ಲ ಎಂಬದೇ ಆ ಮಾತು. ಇದು ಸತ್ಯವೋ? ಸತ್ಯವಾದರೂ ಅದನ್ನು ರೋಗಿಗೆ ಹೇಳುವದು ನ್ಯಾಯವೋ? ಇವೆರಡನ್ನೂ ವಿಚಾರಿಸೋಣ.

ಅಮೇರಿಕಾ ದೇಶದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1938ರಲ್ಲಿ ಆರಂಭವಾದ ಒಂದು ಪರಿಶೀಲನೆಯುಂಟು. ಅಲ್ಲಿಯ 268 ವಿದ್ಯಾರ್ಥಿಗಳನ್ನೂ, ಬೋಸ್ಟನ್ ಪಟ್ಟಣದ ಬಡ ಕೇರಿಗಳ 456 ಹುಡುಗರನ್ನೂ ವಿದ್ವಾಂಸರು ಅವರ ಮುಪ್ಪಿನ ವರೆಗೂ ವಿಚಾರಿಸುತ್ತಾ ಬಂದರು. 50 ವರುಷ ಪ್ರಾಯದಲ್ಲಿ ತಮ್ಮ ಮನೆಯವರೊಡನೆಯೂ ಸ್ನೇಹಿತರೊಡನೆಯೂ ಅನ್ಯೋನ್ಯವಾಗಿದ್ದು ಅದರಲ್ಲಿ ತೃಪ್ತರಾಗಿದ್ದವರೇ 80ನೆಯ ವರುಷದಲ್ಲಿ ಹೆಚ್ಚು ಸೌಖ್ಯವುಳ್ಳವರಾಗಿ ಕಂಡುಬಂದರು. ಇದನ್ನು ಕೇಳಿದವರಿಗೆ ಮೇಲಿನ ಮಾತು ಸತ್ಯವೆಂದೇ ತೋರೀತು.

ಆದರೆ ಒಂದೇ ಸಾಕ್ಷಿಯಿಂದ ತೀರ್ಪು ಮಾಡಲಾಗದು. ಬ್ರಿಟನ್ ದೇಶದ 7 ಲಕ್ಷಕ್ಕಿಂತ ಹೆಚ್ಚು ಸ್ತ್ರೀಯರನ್ನು ಸುಮಾರು 10 ವರುಷ ಪರಿಶೀಲಿಸಿದ ಫಲಿತಾಂಶವು 2015ರಲ್ಲಿ ಪ್ರಕಟವಾಯಿತು. ಸಂತೋಷವಿಲ್ಲದವರಲ್ಲಿ ಹೆಚ್ಚು ಮಂದಿ ಸತ್ತದ್ದು ನಿಜವೇ. ಆದರೂ ಅವರಿಗೆ ಮೊದಲೇ ಇದ್ದ ರೋಗವನ್ನೂ, ಧೂಮಪಾನ ಮೊದಲಾದ ಅಭ್ಯಾಸಗಳನ್ನೂ ಲೆಕ್ಕಕ್ಕೆ ತಂದಾಗ ಆ ಭೇದವು ಉಳಿಯಲಿಲ್ಲ. ರೋಗವೇ ದುಃಖವನ್ನು ಹುಟ್ಟಿಸುತ್ತದೆ, ದುಃಖವು ತಾನಾಗಿ ಮರಣವನ್ನು ತರುವದಿಲ್ಲ ಎಂದು ಆ ವಿದ್ವಾಂಸರು ತೀರ್ಮಾನಿಸಿದರು. ಹಾಗಾದರೆ ರೋಗಿಯ ಬಾಡಿದ ಮುಖವನ್ನು ಅವನ ಅವಿಶ್ವಾಸಕ್ಕೆ ಗುರುತೆಂದು ಎಣಿಸುವದಕ್ಕೆ ನಮಗೆ ಆಧಾರವೆಲ್ಲಿ?

ಯೋಬನ ಸ್ನೇಹಿತರನ್ನು ನೆನಸಿರಿ. ಏಳು ದಿನ ಮಾತಾಡದೆ ಅವನ ಬಳಿಯಲ್ಲಿ ಕೂತಿದ್ದಾಗ ಅವರು ಸ್ನೇಹಿತರೇ ಆಗಿದ್ದರು. ಅವನ ಕಷ್ಟಕ್ಕೆ ಕಾರಣವನ್ನು ಅವನಲ್ಲಿಯೇ ಹುಡುಕತೊಡಗಿದ ಮೇಲೆ ಅವನ ಹುಣ್ಣುಗಳಿಗಿಂತ ಅವರ ಮಾತುಗಳೇ ಅವನನ್ನು ಹೆಚ್ಚು ನೋಯಿಸಿದವು.

ಹಾರ್ವರ್ಡಿನವರ ಸಾಕ್ಷಿಯನ್ನು ನಾವು ತಳ್ಳಿಬಿಡಬೇಕೋ? ಹಾಗಲ್ಲ. ಅನ್ಯೋನ್ಯತೆಯು ಒಬ್ಬನಿಂದಲೇ ಉಂಟಾಗುವಂಥದ್ದಲ್ಲ. ಒಂಟಿಯಾಗಿ ಬಿದ್ದಿರುವ ವಿಧವೆಯು ತನಗೆ ತಾನೇ ನೆರೆಯವಳಾಗಬಲ್ಲಳೋ? ಆದದರಿಂದ ಪ್ರೀತಿಯು ಶರೀರಕ್ಕೆ ಹಿತವೆಂಬದು ನಿಜವಾದರೆ, ಆ ಮಾತು ಹಾಸಿಗೆಯಲ್ಲಿರುವವಳನ್ನು ಬಿಟ್ಟು ಅವಳ ಹೊಸ್ತಿಲನ್ನು ದಾಟದ ನಮ್ಮನ್ನೇ ವಿಚಾರಣೆಗೆ ಕರೆಯುತ್ತದೆ.

ಈ ತಿಂಗಳಲ್ಲಿ ನಮ್ಮ ನಮ್ಮ ಊರುಗಳಲ್ಲಿ ಇಂಥವರು ಯಾರಿದ್ದಾರೆಂದು ಕೇಳಿ ತಿಳಿಯೋಣ. ಗಂಜಿಯನ್ನು ಒಯ್ಯೋಣ, ನೀರು ತಂದುಕೊಡೋಣ, ವೈದ್ಯರ ಬಳಿಗೆ ಕರಕೊಂಡು ಹೋಗೋಣ, ಸ್ವಲ್ಪ ಹೊತ್ತು ಸುಮ್ಮನೆ ಕೂತು ಪ್ರಾರ್ಥಿಸೋಣ. ಇದರಿಂದ ರೋಗವು ವಾಸಿಯಾಗದೆ ಹೋದೀತು. ಆಗಲೂ ನಾವು ಮಾಡಿದ್ದು ವ್ಯರ್ಥವಲ್ಲ. ಯಾಕಂದರೆ ನೆರೆಯವನಿಗೆ ಸಲ್ಲಬೇಕಾದ ಪ್ರೀತಿಯು ಔಷಧದ ಬೆಲೆಯಲ್ಲ, ಅದು ನಮ್ಮ ಮೇಲಿರುವ ಸಾಲ.