ನಾಲ್ವರು ಹೊತ್ತ ಮನುಷ್ಯನು

ಆಧಾರ: ಮಾರ್ಕನ ಸುವಾರ್ತೆ 2:1-12



ಕಪೆರ್ನೌಮಿನಲ್ಲಿ ನಾಲ್ಕು ಮಂದಿ ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಮಾಳಿಗೆಯನ್ನು ಬಿಚ್ಚಿ, ಕರ್ತನ ಮುಂದೆ ಇಳಿಸಿದ ಸಂಗತಿಯನ್ನು ನೀವೆಲ್ಲರೂ ಬಲ್ಲಿರಿ. ಅವನು ಎದ್ದು ನಡೆದದ್ದನ್ನು ನಾವು ಮರೆಯುವದಿಲ್ಲ. ಆದರೆ ಆ ದಿನಕ್ಕೆ ಮುಂಚೆ ಅವನು ಮನೆಯಲ್ಲಿ ಮಲಗಿದ್ದ ಕಾಲವನ್ನು ಯೋಚಿಸಿದ್ದೀರೋ? ಅವನನ್ನು ತಿರುಗಿಸಿ ಮಲಗಿಸಿದವರೂ ತೊಳೆದವರೂ ಉಣಿಸಿದವರೂ ಇದ್ದಿರಬೇಕು. ಇಲ್ಲವಾದರೆ ಹೊತ್ತು ತರುವ ಹೊತ್ತಿಗೆ ಅವನು ಬದುಕಿರುತ್ತಿದ್ದನೇ?

ನಮ್ಮ ಹಳ್ಳಿಗಳಲ್ಲಿಯೂ ತೆಂಗಿನ ಮರದಿಂದ ಬಿದ್ದೋ, ಗಾಡಿಯ ಅಪಘಾತದಿಂದಲೋ ಬೆನ್ನುಹುರಿ ಕೆಟ್ಟು, ಸೊಂಟದ ಕೆಳಗೆ ಬಲವೂ ಸ್ಪರ್ಶವೂ ಇಲ್ಲದೆ ಮಲಗಿರುವವರುಂಟು. ಆಸ್ಪತ್ರೆಯವರು ಕಳುಹಿಸಿಕೊಟ್ಟ ಮೇಲೆ ಅವರ ಉಳಿದ ಆಯುಷ್ಯವೆಲ್ಲ ಮನೆಯವರ ಕೈಯಲ್ಲಿ. ಆಗ ನೆರೆಯವರು ಬಂದು ಇದು ಯಾರ ಪಾಪದ ಫಲವೋ ಎನ್ನುತ್ತಾರೆ. ಹುಟ್ಟುಕುರುಡನನ್ನು ಕುರಿತು ಶಿಷ್ಯರು ಹೀಗೆಯೇ ಕೇಳಿದಾಗ ಕರ್ತನು ಆ ಮಾತನ್ನು ತಳ್ಳಿಬಿಟ್ಟನು. ನಾವು ಅದನ್ನು ತಿರಿಗಿ ಎತ್ತಬಾರದು.

ಇಂಥವರಲ್ಲಿ ಅನೇಕರ ಪ್ರಾಣ ತೆಗೆಯುವವು ಹಾಸಿಗೆಯ ಹುಣ್ಣು, ಮೂತ್ರಕೋಶದ ಕೇಡು ಇವೆರಡೇ. ಸ್ಪರ್ಶವಿಲ್ಲದ ಮೈ ನೋವನ್ನು ತಿಳಿಸಲಾರದು. ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಎಲುಬಿನ ಮೇಲಿನ ಮಾಂಸಕ್ಕೆ ರಕ್ತವು ಹರಿಯದೆ ಅದು ಕೊಳೆಯುವದು. ಆದದರಿಂದ ಮಲಗಿರುವವನನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಾಯಿಸಬೇಕು, ರಾತ್ರಿಯೂ ಕೂಡ. ಗಾಲಿಕುರ್ಚಿಯಲ್ಲಿ ಕುಳಿತವನು ಕಾಲು ಅಥವಾ ಅರ್ಧ ತಾಸಿಗೊಮ್ಮೆ ಕೈಯೂರಿ ಮೈಯನ್ನೆತ್ತಬೇಕು. ದಿನಾಲು ಅವನ ಸೊಂಟದ ಹಿಂಭಾಗವನ್ನೂ ಕುಂಡೆಯನ್ನೂ ಹಿಮ್ಮಡಿಗಳನ್ನೂ ಬೆಳಕಿನಲ್ಲಿ ನೋಡಿರಿ. ಕೆಂಪಾದ ಇಲ್ಲವೆ ಕಪ್ಪಾದ ಕಲೆ ಕಂಡರೆ ಅದು ಹೋಗುವ ತನಕ ಅದರ ಮೇಲೆ ಭಾರ ಬೀಳಬಾರದು, ಅದನ್ನು ತಿಕ್ಕಲೂಬಾರದು. ಮೂತ್ರವು ತಾನಾಗಿ ಬಾರದಿದ್ದರೆ, ವೈದ್ಯರು ಕಲಿಸಿದಂತೆ ಕೈ ತೊಳೆದು, ಶುದ್ಧವಾದ ನಳಿಗೆಯಿಂದ ನಾಲ್ಕರಿಂದ ಆರು ತಾಸಿಗೊಮ್ಮೆ ತೆಗೆಯಬೇಕು. ಶಿಷ್ಯರ ಪಾದಗಳನ್ನು ತೊಳೆದಾತನ ಸೇವಕರಿಗೆ ಇದರಲ್ಲಿ ನಾಚಿಕೆಯೇನು? ಕುತ್ತಿಗೆಯಲ್ಲಾಗಲಿ ಎದೆಯ ಮೇಲ್ಭಾಗದಲ್ಲಾಗಲಿ ಪೆಟ್ಟಾದವನಿಗೆ ಫಕ್ಕನೆ ತಲೆ ಸಿಡಿದು ಮುಖ ಬೆವತರೆ ಅದು ಅಪಾಯದ ಗುರುತು: ಕೂಡಲೆ ಎಬ್ಬಿಸಿ ಕುಳ್ಳಿರಿಸಿ, ಮೂತ್ರವು ಕಟ್ಟಿದೆಯೋ ನೋಡಿರಿ, ಶಮನವಾಗದಿದ್ದರೆ ಆಸ್ಪತ್ರೆಗೆ ಒಯ್ಯಿರಿ.

ಒಂದು ಕಾಲದಲ್ಲಿ ಇಂಥ ರೋಗಿಗಳು ಸಾಯುವವರೇ ಎಂದು ದೊಡ್ಡ ದೊಡ್ಡ ವೈದ್ಯರೂ ಕೈಬಿಟ್ಟಿದ್ದರು. ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಲುಡ್ವಿಗ್ ಗಟ್‌ಮನ್ ಎಂಬ ಯೆಹೂದ್ಯ ವೈದ್ಯರು 1944ರಿಂದ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ಲಿನಲ್ಲಿ ರೋಗಿಗಳ ಮಗ್ಗುಲು ತಿರುಗಿಸುವದನ್ನು ಹಟ ಹಿಡಿದು ಮಾಡಿಸಿ ಅವರನ್ನು ಬದುಕಿಸಿದರು. ನಮಗೆ ಹತ್ತಿರದ ವೆಲ್ಲೂರಿನ ಮಿಶನ್ ಆಸ್ಪತ್ರೆಯ ವೈದ್ಯೆ ಮೇರಿ ವರ್ಗೀಸರು 1954ರಲ್ಲಿ ವಾಹನ ಅಪಘಾತದಿಂದ ಕಾಲುಗಳ ಬಲವನ್ನು ಕಳಕೊಂಡರು. ಅವರ ಕಾಲುಗಳು ಮೊದಲಿನಂತಾಗಲಿಲ್ಲ. ಆದರೂ ಗಾಲಿಕುರ್ಚಿಯಲ್ಲಿ ಕುಳಿತುಕೊಂಡೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಕ್ರಿಯೆ ಮಾಡಿದರು. ಬಳಿಕ ನ್ಯೂಯಾರ್ಕಿನಲ್ಲಿ ಕಲಿತು ಬಂದು, ತಮ್ಮಂಥವರನ್ನು ತಿರಿಗಿ ಬಾಳುವದಕ್ಕೆ ಸಿದ್ಧಮಾಡುವ ಕೆಲಸವನ್ನು ವೆಲ್ಲೂರಿನಲ್ಲಿ ನಡಿಸಿದರು. ದೇವರು ಅವರ ಪ್ರಾರ್ಥನೆಯನ್ನು ಕೇಳಲಿಲ್ಲವೆಂದು ಯಾರು ಹೇಳಾರು?

ಹೀಗಿರಲಾಗಿ ಕೆಲವರು ಹುಣ್ಣಿರುವ ರೋಗಿಯನ್ನು ಗಾಡಿಯಲ್ಲಿ ಕುಲುಕಿಸುತ್ತಾ ಒಂದು ಸ್ವಸ್ಥತೆಯ ಕೂಟದಿಂದ ಇನ್ನೊಂದಕ್ಕೆ ಒಯ್ಯುವದು ನನಗೆ ಸರಿ ಕಾಣುವದಿಲ್ಲ. ಪ್ರಾರ್ಥನೆಯನ್ನು ಅವನ ಹಾಸಿಗೆಯ ಬಳಿಯಲ್ಲಿ ಮಾಡೋಣ, ಮಾಡಿದವರೇ ಅವನ ಮಗ್ಗುಲನ್ನೂ ತಿರುಗಿಸೋಣ.

ಮಾರ್ಕನು ನಾಲ್ವರೆಂದು ಲೆಕ್ಕ ಕೊಟ್ಟಿದ್ದಾನೆ. ನಮ್ಮ ಸಭೆಗಳಲ್ಲಿಯೋ ಹೊರುವವಳು ಹೆಂಡತಿ ಒಬ್ಬಳೇ. ಹಗಲು ಕೂಲಿಗೆ ಹೋಗಿ ರಾತ್ರಿ ಎರಡು ತಾಸಿಗೊಮ್ಮೆ ಏಳುವವಳು ಎಷ್ಟು ದಿನ ತಾಳಾಳು? ಯೌವನಸ್ಥರು ರಾತ್ರಿಗಳನ್ನು ಹಂಚಿಕೊಳ್ಳಲಿ. ಬಡಗಿಯಾದವನು ಮಂಚವನ್ನು ಕುರ್ಚಿಯ ಎತ್ತರಕ್ಕೆ ಸರಿಮಾಡಿ, ಗಾಲಿಕುರ್ಚಿ ಹಾಯುವಂತೆ ಬಾಗಿಲನ್ನು ಮೂರು ಅಡಿ ಅಗಲಿಸಲಿ. ಹೊಲಿಗೆಯನ್ನೋ ಅಂಗಡಿಯ ಲೆಕ್ಕವನ್ನೋ ಬಲ್ಲವರು ಅವನಿಗೆ ಕಲಿಸಲಿ, ಅವನ ಕೈಗಳಿಗೆ ಬಲವಿದೆಯಷ್ಟೆ. ದೇವಾಲಯದ ಮೆಟ್ಟಿಲುಗಳ ಪಕ್ಕದಲ್ಲಿ ಇಳಿಜಾರು ಕಟ್ಟಲಿಕ್ಕೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಸಭೆಯ ಹಿರಿಯರು ಈ ಆದಿತ್ಯವಾರ ಆರಾಧನೆ ಮುಗಿದ ಮೇಲೆ ಹಗ್ಗ ಹಿಡಿದು ಅಳೆದು ನೋಡಲಿ.