ಸ್ಮೃತಿಯೂ ಸಂಸ್ಕಾರವೂ

ಅನುಭವವು ಕ್ಷಣಿಕ. ಅದು ಕಳೆದು ದಶಕಗಳಾದ ಮೇಲೂ ಅದರ ಸ್ಮರಣೆ ಹೇಗೆ ಉಂಟಾಗುತ್ತದೆ? ಅನುಭವವು ಮನಸ್ಸಿನಲ್ಲಿ ಸಂಸ್ಕಾರವನ್ನು ಉಳಿಸಿ ಹೋಗುತ್ತದೆ, ಉದ್ಬೋಧಕವು ಒದಗಿದಾಗ ಅದು ಎಚ್ಚರಗೊಳ್ಳುತ್ತದೆ ಎಂಬುದು ಶಾಸ್ತ್ರಕಾರರ ಉತ್ತರ. ಗೌತಮರ ನ್ಯಾಯಸೂತ್ರವು ಉದ್ಬೋಧಕಗಳ ದೀರ್ಘವಾದ ಪಟ್ಟಿಯನ್ನೇ ಕೊಡುತ್ತದೆ: ಏಕಾಗ್ರತೆ, ಅಭ್ಯಾಸ, ಸಾದೃಶ್ಯ, ವಿಯೋಗ, ಭಯ, ಸುಖದುಃಖ ಇತ್ಯಾದಿ. ಗಾಡಿಯು ಭೋರ್ ಘಾಟನ್ನು ಹತ್ತಿ ಲೋಣಾವಳೆಯಲ್ಲಿ ನಿಂತಾಗ, ಆಷಾಢದ ಮಳೆಗೆ ನೆನೆದ ಮಣ್ಣಿನ ವಾಸನೆಯಿಂದ ನಮಗೆ ಮಲೆನಾಡಿನ ಮನೆಯಂಗಳ ನೆನಪಾಗುವುದು ಸಾದೃಶ್ಯದಿಂದ. ಅಲ್ಲಿಯ ಚಿಕ್ಕಿಯನ್ನು ಕಂಡು ಅಜ್ಜಿಯ ಕೈಯ ಶೇಂಗಾ ಉಂಡೆಯನ್ನು ನೆನೆಯುವವರೂ ಉಂಟು!

ನೈಯಾಯಿಕರು ಸ್ಮೃತಿಯನ್ನು ಪ್ರಮೆಯೆಂದು ಒಪ್ಪರು. ನಮ್ಮ ಸಿದ್ಧಾಂತದಲ್ಲಿ ಯಥಾರ್ಥವಾದ ಸ್ಮೃತಿಯೂ ಪ್ರಮಾಣವೇ. ಮನಸ್ಸೆಂಬ ಇಂದ್ರಿಯಕ್ಕೆ ಕಳೆದುಹೋದ ವಿಷಯದೊಡನೆ ಸಂಸ್ಕಾರವೇ ಸನ್ನಿಕರ್ಷವೆಂದು ಶ್ರೀಮಜ್ಜಯತೀರ್ಥರು ಪ್ರಮಾಣಪದ್ಧತಿಯಲ್ಲಿ ನಿರೂಪಿಸಿದ್ದಾರೆ.

ಅಮೆರಿಕದಲ್ಲಿ 1953ರಲ್ಲಿ ಅಪಸ್ಮಾರಕ್ಕಾಗಿ ಮೆದುಳಿನ ಶಸ್ತ್ರಚಿಕಿತ್ಸೆಗೆ ಒಳಗಾದ ಹೆನ್ರಿ ಮೊಲೈಸನ್ ಎಂಬವರು ಆ ಬಳಿಕ ಹೊಸ ಘಟನೆಗಳನ್ನು ನೆನಪಿಡಲಾರದೆ ಹೋದರು. ಆದರೂ ಅಭ್ಯಾಸದಿಂದ ಹೊಸ ಕೈಚಳಕವನ್ನು ಕಲಿಯಬಲ್ಲವರಾಗಿದ್ದರು. ಮಕ್ಕಳ ಹೆಸರು ಮರೆತ ವೃದ್ಧರು ವಿಷ್ಣುಸಹಸ್ರನಾಮವನ್ನು ತಡೆಯಿಲ್ಲದೆ ಹೇಳುವುದನ್ನು ನಾವು ನಮ್ಮ ಮನೆಗಳಲ್ಲಿಯೇ ಕಾಣುತ್ತೇವೆ. ಅಂತ್ಯಕಾಲದ ಸ್ಮರಣೆಯು ಜೀವಮಾನದ ಭಾವನೆಯನ್ನು ಅನುಸರಿಸುತ್ತದೆಂದು ಗೀತೆಯ 8ನೆಯ ಅಧ್ಯಾಯವು ಹೇಳುವುದೂ ಇದನ್ನೇ ಅಲ್ಲವೆ?

ಪುಣೆ, ಮುಂಬಯಿಗಳಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಉಡುಪಿಯ ಘಂಟಾನಾದವು ಬರಿಯ ನಾದ. ಉದ್ಬೋಧಕವಿದೆ, ಸಂಸ್ಕಾರವಿಲ್ಲ. ವರ್ಷಕ್ಕೊಮ್ಮೆ ಊರಿಗೆ ಕರೆದೊಯ್ದರೆ ಸಾಕೆಂಬುದನ್ನು ನಾವು ಒಪ್ಪಲಾರೆವು. ನಿತ್ಯ ಸಂಜೆ ಹತ್ತು ನಿಮಿಷ ಬಾಯಿಪಾಠವಾಗಬೇಕು. ಅರ್ಥ ತಿಳಿಯದ ಪಾಠವೇಕೆಂದು ಕೇಳುವ ತಂದೆತಾಯಿಗಳಿದ್ದಾರೆ. ಅರ್ಥವು ಮುಂದೆಂದಾದರೂ ತಿಳಿದೀತು. ಅಂದು ಎಚ್ಚರಗೊಳ್ಳಲು ಶಬ್ದವಾದರೂ ಒಳಗಿರಬೇಕಲ್ಲ!