ಸಂಗ್ರಹ ಮತ್ತು ಪರಿಗ್ರಹ

ಬಾದಾಮಿಯ ನಾಲ್ಕನೆಯ ಗುಹಾಲಯದ ಮುಂದೆ ನಿಂತವರಿಗೆ ಎರಡು ಬಗೆಯ ಬದುಕು ಒಟ್ಟಿಗೆ ಕಾಣುತ್ತದೆ. ಬೆನ್ನ ಹಿಂದೆ, ಬಂಡೆಯಲ್ಲಿ ಕಡೆದ ಬಾಹುಬಲಿ. ಮೈಗೆ ಬಳ್ಳಿ ಹಬ್ಬಿದೆ, ಕೈಯಲ್ಲಿ ಏನೂ ಇಲ್ಲ. ಕೆಳಗೆ, ಗುಡ್ಡಗಳ ಮೇಲೆ ಬಿದ್ದ ಮಳೆಯನ್ನು ಊರಿಗಾಗಿ ಹಿಡಿದಿಟ್ಟುಕೊಂಡ ಅಗಸ್ತ್ಯತೀರ್ಥ. ಏನನ್ನೂ ಇಟ್ಟುಕೊಳ್ಳದವನು ಪೂಜ್ಯನಾದರೆ, ಇಟ್ಟುಕೊಂಡ ಕೆರೆಯದು ತಪ್ಪೇ? ಪ್ರಶ್ನೆ ಬಾಲಿಶವೆಂದು ತೋರಬಹುದು. ಆದರೆ ಅಣುವ್ರತಿಯಾದ ಶ್ರಾವಕನು ವರ್ಷದ ಲೆಕ್ಕ ತೆಗೆಯುವಾಗಲೂ, ಬಸದಿಯ ವಿಶ್ವಸ್ತರು ಶಿಲ್ಕನ್ನು ಸಭೆಯಲ್ಲಿ ಓದುವಾಗಲೂ ಎದುರಾಗುವುದು ಇದೇ ಪ್ರಶ್ನೆ.

ತತ್ತ್ವಾರ್ಥಸೂತ್ರದ ಕರ್ತೃಗಳು ಪರಿಗ್ರಹವನ್ನು ವಸ್ತುವಿನಲ್ಲಿ ಹುಡುಕದೆ ಮೂರ್ಛೆಯಲ್ಲಿ, ಅಂದರೆ ವಸ್ತುವಿನ ಮೇಲಣ ಮಮತ್ವದಲ್ಲಿ, ಗುರುತಿಸಿದರು. ಇದು ಬಹು ಸೂಕ್ಷ್ಮವಾದ ನಿರ್ಣಯ. ಆದರೆ ಅನುಕೂಲಸಿಂಧುಗಳಿಗೆ ಇದೇ ಆಶ್ರಯವೂ ಆಗಿದೆ. ಮೂರ್ಛೆ ಕಣ್ಣಿಗೆ ಕಾಣದು; ಕೂಡಿಟ್ಟ ಪ್ರತಿಯೊಬ್ಬನೂ ತನ್ನದು ಬರೀ ಮುಂಜಾಗ್ರತೆಯೆಂದೇ ಹೇಳುತ್ತಾನೆ. ಹಾಗಾದರೆ ಸಂಗ್ರಹವು ಪರಿಗ್ರಹವಾಗುವ ಗೆರೆಯನ್ನು ಹೊರಗಿನಿಂದ ತಿಳಿಯುವುದೆಂತು?

ಹುನಗುಂದದ ಎರೆಭೂಮಿಯ ಹಳ್ಳಿಗಳಲ್ಲಿ ಹಿಂದೆ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದೊಳಗಿನ ಈ ಕಣಜ ಬರಗಾಲದ ಆಸರೆಯಾಗಿತ್ತು. 1876–78ರ ಕ್ಷಾಮದಲ್ಲಿ ಬಾಗಲಕೋಟೆ, ಬಾದಾಮಿ, ಹುನಗುಂದಗಳು ಆಗಿನ ಕಲಾದಗಿ ಜಿಲ್ಲೆಗೆ ಸೇರಿದ್ದವು. 1872ರಲ್ಲಿ 8 ಲಕ್ಷ ಮೀರಿದ್ದ ಆ ಜಿಲ್ಲೆಯ ಜನಸಂಖ್ಯೆ 1881ರ ಗಣತಿಯಲ್ಲಿ 6 ಲಕ್ಷ 40 ಸಾವಿರದ ಒಳಗೆ ಇಳಿದಿತ್ತು. ಅಂಥ ನೆಲದಲ್ಲಿ ಕಾಳು ಕೂಡಿಡುವುದನ್ನೇ ಪಾಪವೆನ್ನುವುದು ಬರವನ್ನು ಕಾಣದವರ ಮಾತು. ಆದರೆ ಹಗೇವಿಗೆ ಇನ್ನೊಂದು ಮುಖವೂ ಇತ್ತು. ಮುಚ್ಚಿಟ್ಟ ಕಾಳು ತಾನೇ ಉಸಿರಾಡಿ ಒಳಗಿನ ಗಾಳಿಯನ್ನು ವಿಷವಾಗಿಸುತ್ತದೆ. ಆದುದರಿಂದ ಬಾಯಿ ತೆರೆದು, ಗಾಳಿಯಾಡಲು ಬಿಟ್ಟು, ದೀಪವನ್ನು ಇಳಿಸಿ ನೋಡಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯುವುದು ರೂಢಿ.

ಇದಕ್ಕೆ ಬಹಳ ಸಮೀಪವಾದ ಏರ್ಪಾಡೊಂದು ಪ್ರತಿಯೊಬ್ಬರ ಜೀವಕೋಶಗಳಲ್ಲಿದೆ. ವಯಸ್ಕರ ದೇಹದಲ್ಲಿರುವ ಕಬ್ಬಿಣ ಒಟ್ಟು 3–4 ಗ್ರಾಂ, ಒಂದು ಚಿಕ್ಕ ಮೊಳೆಯಷ್ಟು. ಅದಿಲ್ಲದೆ ರಕ್ತವು ಪ್ರಾಣವಾಯುವನ್ನು ಹೊರಲಾರದು. ಆದರೆ ಹಂಗಿಲ್ಲದೆ ತಿರುಗುವ ಕಬ್ಬಿಣವು ಉಗ್ರ ಕಣಗಳನ್ನು ಹುಟ್ಟಿಸಿ ಕೋಶದ ಪೊರೆಯನ್ನೂ ವಂಶವಾಹಿಯನ್ನೂ ಕೆಡಿಸುತ್ತದೆ. ಹೀಗಾಗಿ ಫೆರಿಟಿನ್ ಎಂಬ ಪ್ರೋಟೀನಿನ ಕಣಜದಲ್ಲಿ ಅದನ್ನು ಇಡಲಾಗುತ್ತದೆ. 24 ತುಣುಕುಗಳು ಕೂಡಿ ಆದ ಈ ಟೊಳ್ಳು ಗೋಳದಲ್ಲಿ ಸುಮಾರು 4,500 ಕಬ್ಬಿಣದ ಪರಮಾಣುಗಳು ಹಿಡಿಸುತ್ತವೆ.

ಎಷ್ಟು ಕಣಜ ಬೇಕೆಂದು ಕೋಶ ನಿರ್ಧರಿಸುವ ಬಗೆಯೇ ಇಲ್ಲಿ ಮುಖ್ಯ. ಫೆರಿಟಿನ್ ಕಟ್ಟುವ ಆಜ್ಞಾಪತ್ರ, ಅಂದರೆ ಸಂದೇಶವಾಹಕ ಆರ್‌ಎನ್‌ಎ, ಮೊದಲೇ ಬರೆದು ಸಿದ್ಧವಾಗಿರುತ್ತದೆ. ಅದರ ತಲೆಯ ಕಡೆ ಒಂದು ಕಿರಿದಾದ ಕುಣಿಕೆಯಿದೆ. ಕಬ್ಬಿಣ ಕೊರತೆಯಾದಾಗ ಕಾವಲು ಪ್ರೋಟೀನೊಂದು ಆ ಕುಣಿಕೆಯ ಮೇಲೆ ಕುಳಿತು, ಪತ್ರವನ್ನು ಓದಿ ಪ್ರೋಟೀನು ಹೆಣೆಯುವ ರೈಬೋಸೋಮನ್ನು ತಡೆಯುತ್ತದೆ. ಕಬ್ಬಿಣ ಬಂತೆಂದರೆ ಕಾವಲುಗಾರ ಎದ್ದುಬಿಡುತ್ತಾನೆ. ಕಣಜ ಕಟ್ಟುವ ಕೆಲಸ ಆರಂಭವಾಗುತ್ತದೆ. ಹೀಗೊಂದು ತಡೆ ಇರಬೇಕೆಂದು 1976ರಲ್ಲಿ ಹ್ಯಾಮಿಶ್ ಮನ್ರೋ ಮತ್ತು ಸಂಗಡಿಗರು ಸೂಚಿಸಿದರು. ಕುಣಿಕೆ ಗುರುತಿಗೆ ಸಿಕ್ಕಿದ್ದು 1987ರಲ್ಲಿ. ಹೊರಗಿನಿಂದ ಕಬ್ಬಿಣವನ್ನು ಒಳತರುವ ಬಾಗಿಲಿನ ಪ್ರೋಟೀನಿಗೂ ಇಂಥದೇ ಪತ್ರವಿದೆ. ಕೊರತೆಯ ಕಾಲದಲ್ಲಿ ಅದೇ ಕಾವಲುಗಾರ ಆ ಪತ್ರದ ಬಾಲದಲ್ಲಿರುವ ಕುಣಿಕೆಗಳನ್ನು ಹಿಡಿದು, ಅದು ಹರಿದುಹೋಗದಂತೆ ಕಾಪಾಡುತ್ತಾನೆ. ಕೊರತೆಯನ್ನು ಅರಿಯುವ ಒಂದೇ ಇಂದ್ರಿಯ. ಅದರಿಂದ ಬಾಗಿಲೂ ತೆರೆಯುತ್ತದೆ, ಕಣಜದ ಕೆಲಸವೂ ನಿಲ್ಲುತ್ತದೆ.

ಈ ಕುಣಿಕೆ ಕೆಟ್ಟರೆ ಏನಾಗುವುದೆಂಬುದು 1995ರಲ್ಲಿ ಇಟಲಿ ಮತ್ತು ಫ್ರಾನ್ಸಿನ ಕೆಲವು ಕುಟುಂಬಗಳಲ್ಲಿ ಕಂಡುಬಂತು. ಒಂದಕ್ಷರದ ವ್ಯತ್ಯಾಸದಿಂದ ಕಾವಲುಗಾರನಿಗೆ ಕೂರಲು ಎಡೆಯಿಲ್ಲವಾಯಿತು. ಕಬ್ಬಿಣ ಹೆಚ್ಚಾಗಿರಲಿಲ್ಲ, ಆದರೂ ಕಣಜದ ಮೇಲೆ ಕಣಜ. ಪರಿಣಾಮವಾಗಿ ಎಳೆಯ ವಯಸ್ಸಿಗೇ ಕಣ್ಣಿನ ಪೊರೆ. ನೀತಿಕಥೆ ಹೇಳುವವನೂ ಇಂಥದನ್ನು ಕಟ್ಟಲು ಹಿಂಜರಿಯುತ್ತಿದ್ದ. ಆ ರೋಗಿಗಳದು ಯಾವ ತಪ್ಪೂ ಇರಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಅನ್ಯರ ವ್ಯಾಧಿಯನ್ನು ದೃಷ್ಟಾಂತವಾಗಿಸುವ ನಾಲಗೆ ಸುಲಭವಾಗಿ ನಿಷ್ಠುರವಾಗುತ್ತದೆ. ಇನ್ನೊಂದು ಸ್ಥಿತಿ ಹೆಚ್ಚು ಸಾಮಾನ್ಯ. ದೀರ್ಘಕಾಲದ ಉರಿಯೂತದಲ್ಲಿ ಯಕೃತ್ತು ಸ್ರವಿಸುವ ಹೆಪ್ಸಿಡಿನ್ ಎಂಬ ರಸವು ಕಣಜಗಳಿಗೆ ಬೀಗ ಹಾಕುತ್ತದೆ. ರೋಗಾಣುವಿಗೆ ಕಬ್ಬಿಣ ಸಿಗಬಾರದೆಂಬ ಆ ಕ್ರಮ ಕೆಲವು ದಿನಗಳಿಗೆ ಹಿತ. ತಿಂಗಳುಗಟ್ಟಲೆ ನಡೆದರೆ ಕಣಜ ತುಂಬಿಯೇ ಇರುತ್ತದೆ, ರಕ್ತ ಮಾತ್ರ ಬಡವಾಗುತ್ತದೆ. ಯಾವುದೋ ಕಾಲದ ಭಯದಿಂದ ಮುಟ್ಟದೆ ಇಟ್ಟು, ಭಯ ಕಳೆದ ಮೇಲೂ ಬಿಚ್ಚದ ಠೇವಣಿಗಳು ಸಂಸ್ಥೆಗಳಲ್ಲಿಯೂ ಉಂಟು.

ಆದರೂ ಕೋಶವನ್ನು ಗುರುವಾಗಿಸುವುದು ಸಲ್ಲದು. ಅದಕ್ಕೆ ಕರುಣೆಯೂ ಇಲ್ಲ, ಮೂರ್ಛೆಯೂ ಇಲ್ಲ; ನಿಸರ್ಗದಲ್ಲಿ ನಡೆಯುವುದೆಲ್ಲ ಧರ್ಮವಾಗುವುದಾದರೆ ಹುಲಿಯೂ ಧರ್ಮಿಷ್ಠನೇ. ಅದರಿಂದ ಎರವಲು ಪಡೆಯಬಹುದಾದದ್ದು ಒಂದೇ ಪ್ರಶ್ನೆ: ಕೊರತೆಯನ್ನು ಅರಿಯುವ ಇಂದ್ರಿಯ ಈ ಮನೆಯಲ್ಲಿ, ಈ ಸಂಸ್ಥೆಯಲ್ಲಿ ಎಲ್ಲಿದೆ? ಎಷ್ಟಿದೆ ಎಂಬ ಲೆಕ್ಕ ಎಲ್ಲರಲ್ಲಿಯೂ ಇರುತ್ತದೆ. ಯಾರಿಗೆ ಇಲ್ಲ ಎಂಬ ಲೆಕ್ಕ ಇಡುವವರು ವಿರಳ.

ಮೊದಲು ಮನೆಯನ್ನೇ ನೋಡಬಹುದು. ಬಾಗಲಕೋಟೆಯಲ್ಲಾಗಲಿ ಇಳಕಲ್ಲಿನಲ್ಲಾಗಲಿ, ರೊಟ್ಟಿ ಬಡಿದವಳು ಕೊನೆಗೆ ಉಣ್ಣುವ ಮನೆಗಳು ಇನ್ನೂ ಇವೆ. ಕೋಶದಲ್ಲಿ ಕೊರತೆಯಿದ್ದಲ್ಲಿ ಬಾಗಿಲು ಮೊದಲು ತೆರೆಯುತ್ತದೆ. ಇಲ್ಲಿ ಕ್ರಮ ತಿರುವುಮುರುವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ 47.8ರಷ್ಟು ಮಂದಿಗೆ ರಕ್ತಹೀನತೆ. ಪುರುಷನ ದೇಹದ ಸಂಗ್ರಹದಲ್ಲಿ ಸುಮಾರು 1 ಗ್ರಾಂ ಕಬ್ಬಿಣವಿದ್ದರೆ, ಸ್ತ್ರೀಯಲ್ಲಿ ಅದರ ಮೂರನೆಯ ಒಂದು ಭಾಗ ಇದ್ದರೆ ಹೆಚ್ಚು. ಜೋಳ, ಹೆಸರು, ಸೊಪ್ಪುಗಳ ಕಬ್ಬಿಣವನ್ನು ಕರುಳು ಅಲ್ಪವಾಗಿಯೇ ಹೀರುತ್ತದೆ. ಜೊತೆಗೆ ನಿಂಬೆಯ ರಸ ಅಥವಾ ನೆಲ್ಲಿ ಇದ್ದರೆ ಹೆಚ್ಚಾಗುತ್ತದೆ, ಉಂಡ ಕೂಡಲೇ ಚಹ ಕುಡಿದರೆ ಕಡಿಮೆಯಾಗುತ್ತದೆ.

ದಶಲಕ್ಷಣ ಪರ್ವದಲ್ಲಿ ಹತ್ತು ದಿನ ಉಪವಾಸ ಮಾಡಿದ ಸೊಸೆಯನ್ನು ಊರೇ ಸನ್ಮಾನಿಸುತ್ತದೆ. ಸನ್ಮಾನ ಯೋಗ್ಯವೇ. ಆದರೆ ಷೋಡಶ ಭಾವನೆಗಳಲ್ಲಿ ತ್ಯಾಗವನ್ನೂ ತಪವನ್ನೂ ಹೇಳುವಾಗ ಶಕ್ತಿಗೆ ಅನುಸಾರವಾಗಿ ಎಂಬ ವಿಶೇಷಣ ಉಂಟು. ಆ ಶಕ್ತಿಯನ್ನು ಅಳೆದವರು ಯಾರು? ಕಬ್ಬಿಣದ ಕೊರತೆಯಲ್ಲಿ ಮೊದಲು ಬರಿದಾಗುವುದು ಕಣಜ, ಆಮೇಲೆ ರಕ್ತ. ಹಿಮೋಗ್ಲೋಬಿನ್ ಸರಿಯಾಗಿದ್ದಾಗಲೂ ಸಂಗ್ರಹ ಮುಗಿದಿರಬಹುದು. ರಕ್ತದ ಫೆರಿಟಿನ್ ಪರೀಕ್ಷೆ ಅದನ್ನು ತೋರಿಸುತ್ತದೆ. ಜ್ವರ, ಉರಿಯೂತಗಳಿದ್ದರೆ ಆ ಅಂಕಿ ಏರಿ ಮೋಸಗೊಳಿಸುವುದರಿಂದ ವೈದ್ಯರೇ ಓದಿ ಹೇಳಬೇಕು. ಪರ್ವದ ಚಪ್ಪರಕ್ಕೂ ಫಲಕಕ್ಕೂ ವೆಚ್ಚ ಬರೆಯುವ ವಿಶ್ವಸ್ತ ಮಂಡಳಿಗೆ, ವ್ರತಕ್ಕೆ ಹೆಸರು ಕೊಟ್ಟ ಸ್ತ್ರೀಯರಿಗೆ ಒಂದು ತಿಂಗಳು ಮುಂಚಿತವಾಗಿ ಈ ಪರೀಕ್ಷೆ ಮಾಡಿಸುವುದು ಭಾರವೇನಲ್ಲ. ಹಗೇವಿಗೆ ಇಳಿಯುವ ಮುನ್ನ ದೀಪ ಇಳಿಸಿ ನೋಡುತ್ತಿದ್ದವರ ಮೊಮ್ಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾದೀತೆ?